ದೊರೆಗುಡ್ಡೆಯ ಇಬ್ಬರು

ದಂಡಿಗನಹಳ್ಳಿ ಕಡೆಯ ಒಂದು ಊರಲ್ಲಿ, ಮುದ್ದಮ್ಮನ ಹೊಲದ ಬದುವಿನಾಚೆ ಎರಡು ಗೋರಿಗಳಿದ್ದವು. ಎರಡನೇ ಮಹಾಯುದ್ಧದ ಕಾಲಕ್ಕೆ ಕೆರೆಯಂಗಳದಲ್ಲಿ ಉರಿದುಬಿದ್ದ ಯುದ್ಧವಿಮಾನದ ಬಿಳಿ ಸಿಪಾಯಿಗಳವು. ಅವರನ್ನು ಹೊತ್ತು ತಂದು ಹೂತವನು ಅವಳ ಮಾವ. ಊರವರು ಆ ಜಾಗವನ್ನು ದೊರೆಗುಡ್ಡೆ ಎನ್ನುತ್ತಿದ್ದರು. ಸತ್ತವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮಾವ ಹುಲ್ಲು ಕಿತ್ತು, ಮಣ್ಣು ಏರಿಸಿ, ಪಿತೃಪಕ್ಷದಲ್ಲಿ ಎಡೆ ಇಡುತ್ತಿದ್ದ. ಅವನು ಹೋದ ಮೇಲೆ ಗಂಡ ದೇವಯ್ಯ ಇಟ್ಟ.

ಮದುವೆಯಾದ ಹೊಸದರಲ್ಲಿ ಮುದ್ದಮ್ಮ ಆ ಕಡೆ ತಲೆ ಹಾಕುತ್ತಿರಲಿಲ್ಲ. ಆಮೇಲೆ ಅವಳ ತಮ್ಮ ಬೈರಯ್ಯ ಮಿಲಿಟರಿ ಸೇರಿ ಶ್ರೀಲಂಕಾಕ್ಕೆ ಹೋದ. ಅಲ್ಲಿನ ಕಾಡಿನಲ್ಲಿ ಸತ್ತನೆಂದು ತಂತಿ ಬಂತು. ಹೆಣ ಸಿಗಲಿಲ್ಲ, ಟ್ರಂಕು ಬಂತು. ತವರಿನವರೆಲ್ಲ ಎದೆ ಬಡಿದುಕೊಂಡು ಅತ್ತರು. ಟ್ರಂಕು ನೋಡಿ ಅಳುವುದು ಹೇಗೆಂದು ಮುದ್ದಮ್ಮನಿಗೆ ತಿಳಿಯಲಿಲ್ಲ. ಊರಿಗೆ ವಾಪಸು ಬಂದವಳೇ ಕುಡುಗೋಲು ಹಿಡಿದು ಗುಡ್ಡೆಗೆ ಹೋದಳು. ಮತ್ತೆಂದೂ ಆ ಕೆಲಸವನ್ನು ದೇವಯ್ಯನಿಗೆ ಬಿಡಲಿಲ್ಲ.

“ನನ್ ತಮ್ಮ ಬಿದ್ದಿರೋ ಕಡೇಲೂ ನನ್ನಂತೋಳು ಯಾವಳಾದ್ರೂ ಇರ್ತಾಳೆ” ಎಂದು ಗಂಡನಿಗೆ ಒಮ್ಮೆ ಹೇಳಿದ್ದಳು. ಈಗ ದೇವಯ್ಯನೂ ಇಲ್ಲ.

ಈ ಬೇಸಿಗೆಯಲ್ಲಿ ಬೆಂಗಳೂರಿನಿಂದ ಶಿವರಂಜನಿ ಎಂಬ ಅಧಿಕಾರಿ ಬಂದರು. ಸತ್ತವರ ದೇಶದವರು ಹಳೆಯ ಕಡತಗಳಿಂದ ಗುರುತು ಹಚ್ಚಿ, ಮೂಳೆಗಳನ್ನು ತೆಗೆಸಿ, ತಮ್ಮ ಸೈನಿಕರ ಸ್ಮಶಾನಕ್ಕೆ ಸೇರಿಸುವವರಿದ್ದರು. ಮುದ್ದಮ್ಮ ಬೇಡ ಅನ್ನಲಿಲ್ಲ. ಅಗೆಯುವ ಮುಂಚೆ ಮುದ್ದೆ, ಸೊಪ್ಪಿನ ಸಾರು ಎಡೆ ಇಟ್ಟಳು.

ಮೂಳೆಯ ಚೂರುಗಳು, ಒಂದು ಬೂಟಿನ ಹಿಮ್ಮಡಿ, ತುಕ್ಕು ತಿಂದ ಬಕಲು. ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಹಿಡಿಸಿತು.

“ಇಷ್ಟೇಯಾ?”

“ಇಷ್ಟೇ ಅಮ್ಮ. ಒಬ್ಬನಿಗೆ ಇಪ್ಪತ್ತೂ ತುಂಬಿರಲಿಲ್ಲವಂತೆ.”

ಮುದ್ದಮ್ಮ ಜೀಪು ಹತ್ತಿ ಕೂತಳು. “ಸಾವಿನ ಜತೆ ಮನೇರು ಒಬ್ರಾದ್ರೂ ಓಗ್ಬೇಕು ಕಣವ್ವ. ಕೊಡಿ ಇತ್ಲಾಗೆ” ಎಂದು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಶಿವರಂಜನಿ ತಡೆಯಲಿಲ್ಲ. ಜೀಪು ಹಳ್ಳ ಹಾರಿದಾಗೆಲ್ಲ ಒಳಗಿನದು ಲಟಲಟ ಎನ್ನುತ್ತಿತ್ತು. ಅವಳು ಎರಡೂ ಕೈಯಲ್ಲಿ ಅದುಮಿ ಹಿಡಿದಳು.

ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಶಿವರಂಜನಿ ಪೆಟ್ಟಿಗೆ ತೆಗೆದುಕೊಂಡು ಕೈ ಮುಗಿದರು. ಜೀಪು ಹೆದ್ದಾರಿಯತ್ತ ತಿರುಗಿತು.

ಕಲ್ಲುಬೆಂಚಿನ ಮೇಲೆ ಕೂತ ಮುದ್ದಮ್ಮನಿಗೆ ತೊಡೆ ಬರಿದೆನ್ನಿಸಿತು. ಜನ ನೋಡುತ್ತಿದ್ದರೂ ತಡೆಯಲಾಗದೆ ಬಿಕ್ಕಿ ಬಿಕ್ಕಿ ಅತ್ತಳು.

ಪಕ್ಕದಲ್ಲಿದ್ದ ಹೆಂಗಸು ಬೆನ್ನು ಸವರಿದಳು. “ಯಾರವ್ವ ತೀರ್ಕೊಂಡೋರು?”

“ನನ್ ತಮ್ಮ.”

“ಯಾವಾಗ?”

ಮುದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಈಗ ಕಳಿಸ್ಬುಟ್ಟು ಬಂದೆ ಕಣವ್ವ.”

ದಂಡಿಗನಹಳ್ಳಿ ಬಸ್ಸು ಬಂತು. ಆ ಹೆಂಗಸೇ ರಟ್ಟೆ ಹಿಡಿದು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ ಇಳಿದುಹೋದಳು.