ಅಂಟಿನ ಕೋಣೆಗೆ ಅತ್ತೆಯ ಅಪ್ಪಣೆ

ಪಾದರಕ್ಷೆ ಕಾರ್ಖಾನೆಯ ಅಂಟಿನ ಕೋಣೆಗೆ ಬೀಗವಿತ್ತು, ಬೀಗದ ಕೈ ಮ್ಯಾನೇಜರ ಹತ್ತಿರವಿತ್ತು. ಅಪ್ಪಣೆ ಮಾತ್ರ ಅತ್ತೆಯದು. ಬೆಳಿಗ್ಗೆ ಬಾಗಿಲು ತೆಗೆದು ಫ್ಯಾನು ಹಾಕಿದ ಮೇಲೂ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ರಾತ್ರಿಯೆಲ್ಲ ಮುಚ್ಚಿದ ಕೋಣೆಯಲ್ಲಿ ಅಂಟು, ಅದನ್ನು ತೆಳುವಾಗಿಸುವ ಥಿನ್ನರ್‌ಗಳ ಆವಿ ತುಂಬಿರುತ್ತದಲ್ಲ? ಅತ್ತೆ ಬಾಗಿಲಲ್ಲಿ ನಿಂತು ಉದ್ದಕ್ಕೆ ಮೂಸಿ "ಹೂಂ, ಬನ್ನಿ" ಎಂದರೆ ಕೆಲಸ ಶುರು. "ತಡೀರಿ" ಎಂದರೆ ಎಲ್ಲರಿಗೂ ಅಂಗಳದಲ್ಲಿ ಹರಟೆ. ಕಾರ್ಖಾನೆಯ ಅಷ್ಟೂ ಮಂದಿ ಆಕೆಯನ್ನು ಅತ್ತೆ ಎಂದೇ ಕರೆಯುತ್ತಿದ್ದರು. ನಿಜವಾದ ಸೊಸೆ ಒಬ್ಬಳೇ, ಅವಳಿಗೂ ಅಲ್ಲೇ ಕೆಲಸ. ಕೆಲಸ ಕೊಡಿಸಿದ್ದು ಅತ್ತೆಯೇ, ಮತ್ತು ಆ ಮಾತು ದಿನಕ್ಕೊಮ್ಮೆಯಾದರೂ ಸೊಸೆಯ ಕಿವಿಗೆ ಬೀಳದೆ ಇರುತ್ತಿರಲಿಲ್ಲ.

ಆ ಸೊಸೆಯನ್ನೇ ಮ್ಯಾನೇಜರು ಸುರಕ್ಷತೆಗೆ ಮೇಲ್ವಿಚಾರಕಿ ಮಾಡಿದರು. ಡ್ರಮ್ಮುಗಳ ಮೇಲೆ ಅಂಟಿಸಿದ ಚಿತ್ರಗಳ ಅರ್ಥವನ್ನು ಎಲ್ಲರಿಗೂ ತಿಳಿಸಿ ಹೇಳುವುದು ಅವಳ ಕೆಲಸ. ಅವಳು ತಿಳಿಸಿಯೇ ಹೇಳಿದಳು, ಕೇಳುವವರು ಬೇಕಲ್ಲ! ಎದೆಯಲ್ಲಿ ನಕ್ಷತ್ರ ಸಿಡಿದಂತಿದ್ದ ಮನುಷ್ಯನ ಚಿತ್ರ ತೋರಿಸಿದಾಗ ಚರ್ಮ ಕತ್ತರಿಸುವವನು, "ಪಾಪ, ಯಾರನ್ನೋ ನೋಡಿ ಮನಸು ಕಳ್ಕೊಂಡಿದ್ದಾನೆ" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಒಳಗೊಳಗೇ ಆರೋಗ್ಯ ಕೆಡಿಸುತ್ತೆ ಅಂತ ಅದರರ್ಥ," ಎಂದಳು ಸೊಸೆ. "ನಿಧಾನಕ್ಕೆ. ನಮಗೆ ಗೊತ್ತೇ ಆಗಲ್ಲ."

"ನಮಗೆ ಗೊತ್ತಾಗದಿದ್ರೆ ಬಿಡಮ್ಮ, ಅತ್ತೆಗೆ ಗೊತ್ತಾಗುತ್ತೆ," ಎಂದ ಅವನು.

ಅತ್ತೆ ಬಿಗುಮಾನದಿಂದ ಕುಳಿತಿದ್ದರು. ಸೊಸೆ ವಾದಿಸಲಿಲ್ಲ. ಸುಳ್ಳೇಕೆ, ಅವಳೂ ಆ ಮೂಗನ್ನೇ ನಂಬಿದ್ದಳು.

ರಜೆಯ ದಿನ ಸೊಸೆ ಒಲೆಯ ಮೇಲೆ ಹಾಲಿಟ್ಟು, ಅತ್ತೆಗೆ ನೋಡಿಕೊಳ್ಳಲು ಹೇಳಿ ಮಗುವಿನ ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ಅಲ್ಲಿಗೇ ಸೀದ ವಾಸನೆ ಬಂತು. ಓಡಿ ಬಂದು ನೋಡಿದರೆ ಪಾತ್ರೆಯ ತಳ ಕರಕಲು. ಒಲೆಗೆ ಬೆನ್ನು ಹಾಕಿ ಪಕ್ಕದಲ್ಲೇ ಕುಳಿತ ಅತ್ತೆ ನೆಮ್ಮದಿಯಾಗಿ ಅವರೆಕಾಯಿ ಬಿಡಿಸುತ್ತಿದ್ದರು. ಸೊಸೆ ಒಲೆ ಆರಿಸಿ, ಅದೇ ಹಾಲನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅತ್ತೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಯಾವಾಗಿಂದ ಅತ್ತೆ?"

"ಏನು ಯಾವಾಗಿಂದ?" ಎಂದವರು ಅವಳ ಮುಖ ನೋಡಿದರು, ಆಮೇಲೆ ಪಾತ್ರೆ ನೋಡಿದರು. "ಶೀತ ಆಗಿದೆ ಕಣೆ."

"ಮತ್ತೆ ದಿನಾ ಬಾಗಿಲಲ್ಲಿ ನಿಂತು ಏನು ಮೂಸ್ತೀರಿ?"

ಅತ್ತೆ ಕಾಯಿಯ ಬುಟ್ಟಿ ಬದಿಗೆ ಸರಿಸಿದರು. "ಕಣ್ಣು ಉರಿದ್ರೆ ತಡೀರಿ ಅಂತೀನಿ. ಉರೀದಿದ್ರೆ ಬನ್ನಿ ಅಂತೀನಿ. ಇಷ್ಟು ದಿನ ಯಾರಿಗೇನಾಯ್ತು? ನಾಲ್ಕು ಜನರ ಮುಂದೆ ನನ್ನ ಮಾನ ಕಳೀಬೇಡ. ಅಲ್ಲಿ ನಂಗಿರೋದು ಅದೊಂದೇ."

ರಾತ್ರಿ ಸೊಸೆ ಇದನ್ನು ಗಂಡನಿಗೆ ಹೇಳಿದರೆ ಆ ಮಹಾರಾಯ, "ನಿನ್ನಮ್ಮ ಆಗಿದ್ರೆ ಹೋಗಿ ಡಂಗುರ ಹೊಡೀತಿದ್ಯಾ?" ಎಂದು ಮಗ್ಗುಲು ಬದಲಿಸಿದ. ಕಾರ್ಖಾನೆಯಲ್ಲಿ ಹೇಳಿದರೆ ಅತ್ತೆಯ ಮೇಲೆ ಸೇಡು ತೀರಿಸಿಕೊಂಡಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಹೇಳದಿದ್ದರೆ ಯಾರೋ ಒಬ್ಬರು ಒಳಗೆ ಬಿದ್ದು ಸಾಯುತ್ತಾರೆ. ಒಂದು ಕಿಡಿ ಹಾರಿದರೆ ಒಬ್ಬರಲ್ಲ, ಎಲ್ಲರೂ.

ಮಾರನೆಯ ದಿನ ಅಂಟಿನ ಕೋಣೆಯ ಬಾಗಿಲು ತೆಗೆದರು. ಫ್ಯಾನು ಕೆಟ್ಟು ಕೂತಿತ್ತು. ಒಳಗಿದ್ದದ್ದು ಹೊಸ ಥಿನ್ನರ್. ಕಣ್ಣಿಗೆ ಅಷ್ಟಾಗಿ ಉರಿಯಿಲ್ಲ ಎಂದು ಅಂಗಡಿಯವನು ಹೊಗಳಿ ಕೊಟ್ಟದ್ದು. ರೂಢಿಯಂತೆ ಎಲ್ಲರೂ ಹಿಂದೆ ನಿಂತರು. ಅತ್ತೆ ಬಾಗಿಲಿಗೆ ಹೋಗಿ ಉದ್ದಕ್ಕೆ ಉಸಿರೆಳೆದು ಕಣ್ಣು ಮಿಟುಕಿಸಿದರು. ಸೊಸೆಯತ್ತ ತಿರುಗಲೇ ಇಲ್ಲ.

"ಹೂಂ, ಬನ್ನಿ."

"ಯಾರೂ ಹೋಗಬೇಡಿ," ಎಂದಳು ಸೊಸೆ. "ಅತ್ತೆಗೆ ವಾಸನೆ ಬರಲ್ಲ."

ಚರ್ಮ ಕತ್ತರಿಸುವವನು, "ಮನೆ ಜಗಳ ಮನೇಲಿಟ್ಕೊಳಮ್ಮ. ಅನ್ನಕ್ಕೆ ದಾರಿ ಮಾಡಿದವರಿಗೇ ಹೀಗಂತೀಯಲ್ಲ" ಎಂದು ಅವಳನ್ನು ಬದಿಗೆ ಬಿಟ್ಟು ಮುಂದೆ ನಡೆದ. ಅವನ ಹಿಂದೆ ಉಳಿದವರೂ ಹೊರಟರು. ಸೊಸೆ ಅಡ್ಡ ನಿಂತರೂ ಯಾರೂ ಲೆಕ್ಕಕ್ಕಿಡಲಿಲ್ಲ.

ಅವನು ಹೊಸ್ತಿಲಿಗೆ ಕಾಲಿಟ್ಟಾಗ ಅತ್ತೆ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದರು.

"ನಿಲ್ಲೋ. ಅವಳು ಹೇಳಿದ್ದು ನಿಜ. ನನಗೆ ಏನೂ ವಾಸನೆ ಬರಲ್ಲ. ಹೋದ ವರ್ಷದಿಂದಲೇ ಇಲ್ಲ."

ಅವನು ನಕ್ಕ. "ಸೊಸೆ ಮಾನ ಉಳಿಸೋಕೆ ಸುಳ್ಳು ಹೇಳ್ಬೇಡಿ ಅತ್ತೆ."

"ಹಾಗಾದ್ರೆ ನೀನೇ ಮೂಸು. ಏನಾದ್ರೂ ಬರುತ್ತಾ ಹೇಳು."

ಅವನು ಮೂಸಿದ. ಇನ್ನೊಮ್ಮೆ ಮೂಸಿದ. ಪಕ್ಕದವಳತ್ತ ನೋಡಿದ. ಅವಳೂ ಮೂಸಿ ಹೊಲಿಗೆಯವನತ್ತ ನೋಡಿದಳು. ಬಿರಡೆ ತೆಗೆದ ಡ್ರಮ್ಮು ಅವರ ಕಣ್ಣೆದುರೇ ಇತ್ತು. ಆದರೂ ಒಬ್ಬರ ಮೂಗಿಗೂ ವಾಸನೆ ಹತ್ತಲಿಲ್ಲ. ಯಾರೂ ನಗಲಿಲ್ಲ.

ಸೊಸೆ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಕಿಟಕಿಗಳನ್ನು ತೆರೆಸಿಟ್ಟಳು. ಮ್ಯಾನೇಜರು ಬಂದು ಕೂಗಾಡಿದರು. ಆವಿ ಅಳೆಯುವ ಯಂತ್ರ ಬರುವವರೆಗೆ ಕೋಣೆಗೆ ಯಾರನ್ನೂ ಬಿಡುವುದಿಲ್ಲ, ಎಲ್ಲರನ್ನೂ ವೈದ್ಯರ ಹತ್ತಿರ ಕಳಿಸಲೇಬೇಕು ಎಂದು ಅವಳು ಹಟ ಹಿಡಿದಳು. ಅವಳ ಬೆನ್ನ ಹಿಂದೆ ಎಲ್ಲರೂ ನಿಂತಿದ್ದರು, ಚರ್ಮ ಕತ್ತರಿಸುವವನೂ. ಮ್ಯಾನೇಜರು ಒಪ್ಪದೆ ಏನು ಮಾಡಿಯಾರು?

ಅತ್ತೆ ಗೋಡೆಯ ಪಕ್ಕ ಒಬ್ಬರೇ ಕುಳಿತಿದ್ದರು. ಸೊಸೆ ಹೋಗಿ ಪಕ್ಕದಲ್ಲಿ ಕುಳಿತಳು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು.

"ಮೂಗು ಸರಿಹೋಗುತ್ತಾ?" ಎಂದು ಅತ್ತೆ ಕೇಳಿದರು. "ನೀನು ಓದಿಕೊಂಡಿದೀಯಲ್ಲ ಅದನ್ನೆಲ್ಲ."

"ಗೊತ್ತಿಲ್ಲ ಅತ್ತೆ."

"ಕೆಲಸಕ್ಕಲ್ಲ ಕಣೆ ಕೇಳಿದ್ದು." ಅತ್ತೆ ತಮ್ಮ ತೊಡೆಯ ಮೇಲೆ ಕೈಯಾಡಿಸಿದರು. "ಮಗು ಸ್ನಾನ ಆದ ಕೂಡ್ಲೆ ಓಡಿಬಂದು ನನ್ನ ತೊಡೆ ಹತ್ತುತ್ತಲ್ಲ. ನೆತ್ತಿ ಮೂಸಿ ಮೂಸಿ ನೋಡ್ತೀನಿ. ಏನೂ ಇಲ್ಲ."