ಮಲಗಿದ್ದ ದೋಣಿ

ಮೇ ತಿಂಗಳ ಮಧ್ಯಾಹ್ನ ನಾಗಪುರದ ಬೀದಿಗಳಲ್ಲಿ ಯಾರೂ ಇರುವುದಿಲ್ಲ. ಪ್ರತಾಪ ನಗರದ ಗಲ್ಲಿಯಲ್ಲಿ ನಾಯಿಗಳು ಕೂಡ ಕಾರುಗಳ ಕೆಳಗೆ ಸೇರಿಕೊಂಡಿರುತ್ತವೆ. ಕಿಟಕಿಯಲ್ಲಿ ಕೂರಿಸಿದ ಕೂಲರು ಮಾತ್ರ ಗುಳುಗುಳು ಎಂದು ನೀರು ಸುರಿಸಿಕೊಳ್ಳುತ್ತ, ಲಾವಂಚದ ವಾಸನೆಯ ತಂಪನ್ನು ಕೋಣೆಯೊಳಕ್ಕೆ ತಳ್ಳುತ್ತಿರುತ್ತದೆ. ಆ ಸದ್ದಿನಲ್ಲಿ ಮಲಗಿದ ಜಲಜಾಳಿಗೆ ಮೂರು ದಿನ ಒಂದೇ ಕನಸು ಬಿತ್ತು. ಅವಳು ದೋಣಿಯಲ್ಲಿ ಕೂತಿದ್ದಾಳೆ. ಹುಟ್ಟು ಮಡಿಲಲ್ಲಿ ಅಡ್ಡ ಬಿದ್ದಿದೆ. ದೋಣಿ ತನ್ನ ಪಾಡಿಗೆ ತಾನು ಹೋಗುತ್ತಿದೆ. ಎಲ್ಲಿಗೆ ಎಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕು ಅಂತಲೂ ಅನ್ನಿಸುತ್ತಿಲ್ಲ.

ನಾಲ್ಕನೆಯ ದಿನ ಎರಡನೇ ಶನಿವಾರ. ಗಂಡ ಶ್ರೀಕಾಂತನಿಗೆ ಬ್ಯಾಂಕು ರಜೆ. ಜಲಜಾ ಎದ್ದವಳೇ ಚಹಾಕ್ಕೆ ನೀರಿಟ್ಟು ಹೇಳಿದಳು.

“ರೀ, ನಾನೊಂದು ದೋಣಿ ತಗೊಳ್ತೆ.”

ಶ್ರೀಕಾಂತ ಪೇಪರಿನಿಂದ ತಲೆ ಎತ್ತಿದ. “ನಾಗಪುರದಾಗ ದೋಣಿ? ದೇಶದ ನಟ್ಟನಡುವ ಅದ ಈ ಊರು. ಯಾವ ದಿಕ್ಕಿಗೆ ನಡಕೊಂಡು ಹೋದ್ರೂ ಸಮುದ್ರ ಸಿಗಂಗಿಲ್ಲ.”

“ಸಮುದ್ರ ಯಾರಿಗೆ ಬೇಕಾಗಿದೆ? ಕೆರೆ ಉಂಟು, ಡ್ಯಾಮ್ ಉಂಟು. ಹೊಸ ದೋಣಿ ಬೇಡ. ಯಾರೋ ಬಳಸಿ ಬಿಟ್ಟದ್ದು, ನಮ್ಮ ಕೈಗೆ ಎಟುಕುವಂಥದ್ದು ಸಾಕು. ಭಾನುವಾರ ನಾಲ್ಕು ಜನ ಕೂತು ಹೋಗುವಂಗಿರಬೇಕು. ನಾನು ಗಾಳ ಹಾಕುವಂಗಿರಬೇಕು. ಅಷ್ಟೆ.”

ಗಾಳ ಎಂಬ ಮಾತಿಗೆ ಶ್ರೀಕಾಂತ ತಾಯಿಯ ಕಡೆ ನೋಡಿದ. ಜಲಜಾ ಅಘನಾಶಿನಿ ಅಳಿವೆಯ ಮೀನುಗಾರರ ಮನೆಯವಳು. ಶ್ರೀಕಾಂತನದು ಬಾಗಲಕೋಟೆಯ ಮಡಿವಂತರ ಮನೆ. ಹುಬ್ಬಳ್ಳಿಯಲ್ಲಿ ಓದುವಾಗ ಪರಿಚಯವಾಗಿ, ಎರಡೂ ಮನೆಯವರನ್ನು ಕಾಡಿ ಬೇಡಿ ಮದುವೆಯಾಗಿದ್ದರು. ಎಂಟು ವರ್ಷದ ಹಿಂದೆ ಅತ್ತೆ ಸತ್ಯಭಾಮಾ ಇವರ ಜೊತೆ ಇರಲು ಬಂದಂದಿನಿಂದ ಆ ಅಡುಗೆಮನೆಗೆ ಮೀನು ಬಂದಿರಲಿಲ್ಲ. ತರಬೇಡ ಎಂದು ಯಾರೂ ಹೇಳಿರಲಿಲ್ಲ. ಜಲಜಾಳೇ ನಿಲ್ಲಿಸಿದ್ದಳು. ತಿಂಗಳಿಗೊಮ್ಮೆ, ತಾನು ಗಣಿತ ಹೇಳಿಕೊಡುವ ಶಾಲೆಯ ಗೆಳತಿ ಕುಮುದಾಳ ಮನೆಗೆ ಹೋಗಿ ಉಂಡು ಬರುತ್ತಿದ್ದಳು.

ಸತ್ಯಭಾಮಾ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಎಪ್ಪತ್ತನಾಲ್ಕು ವರ್ಷದ, ಹೆಚ್ಚು ಮಾತಾಡದ ಹೆಂಗಸು. ಮೊರದಿಂದ ಕಣ್ಣು ತೆಗೆಯದೆ ಕೇಳಿದರು, “ದೋಣ್ಯಾಗ ನನಗೂ ಜಾಗ ಇರ್ತದೇನು?”

ಹನ್ನೊಂದು ವರ್ಷದ ಮಗಳು ರಾಗಿಣಿ ಅಜ್ಜಿಯ ಕೊರಳಿಗೆ ಜೋತುಬಿದ್ದು, ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಕೂಗಿದಳು. “ಅಜ್ಜಿ ಪಣ್ ಬರ್ತಾಳ! ಚಲೋ, ಜಲ್ದಿ ತಗೊಳ್ಳೋಣು!”

ಮೊದಲು ನೋಡಿದ್ದು ನಾಗಪುರದ ಅಂಚಿನ ಹಿಂಗಣಾದಲ್ಲಿ. ನೀರಿನ ಟ್ಯಾಂಕು ಮಾಡುವ ಕಾರ್ಖಾನೆಯೊಂದರ ಹಿತ್ತಿಲಲ್ಲಿ, ಯಾವುದೋ ರೆಸಾರ್ಟಿನವರು ಎರಡು ವರ್ಷ ಬಳಸಿ ಹಿಂದಿರುಗಿಸಿದ ಫೈಬರ್ ದೋಣಿ ಇತ್ತು. ಆಕಾಶದ ಬಣ್ಣ, ಅಂಚಿಗೆ ಬಿಳಿ ಪಟ್ಟಿ, ಹಿಂದೆ ಸಣ್ಣ ಇಂಜಿನ್ನು. ರಾಗಿಣಿ ಅದಕ್ಕೆ ಹೆಸರು ಇಡುವುದಕ್ಕೂ ಶುರುಮಾಡಿದಳು. ಜಲಜಾ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ದೋಣಿಯ ಅಡಿಗೆ ನುಸುಳಿದಳು. ಅಂಗಡಿಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ ಮೂತಿಯಿಂದ ಹಿಂಬದಿಯವರೆಗೆ ಬೆರಳ ಗಂಟಿನಿಂದ ಬಡಿಯುತ್ತ ಹೋದಳು. ಟಣ್, ಟಣ್, ಟಣ್. ಹಿಂದಿನ ಅರ್ಧದಲ್ಲಿ ಸದ್ದು ದಬ್ ದಬ್ ಎಂದಾಯಿತು. ಇಂಜಿನ್ನು ಕೂತ ಹಲಗೆಯನ್ನು ಹೆಬ್ಬೆರಳಿಂದ ಒತ್ತಿದರೆ ನೆನೆದ ರೊಟ್ಟಿಯ ಹಾಗೆ ತಗ್ಗಿತು.

“ಇದು ಒಳಗೇ ನೀರು ಕುಡಿದಿದೆ,” ಎಂದಳು. “ನಾಲ್ಕು ಜನ ಕೂತರೆ ಹಿಂದಕ್ಕೆ ಕುಸೀತದೆ.”

“ಮ್ಯಾಡಮ್, ಪೇಂಟ್ ತೋ ದೇಖಿಯೇ,” ಎಂದು ಮ್ಯಾನೇಜರು ಮುಖ ಗಂಟಿಕ್ಕಿದ. ಬಣ್ಣ ನಿಜಕ್ಕೂ ಚೆನ್ನಾಗಿತ್ತು. ರಾಗಿಣಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದಳು.

ಎರಡನೆಯದು ಲಕ್ಷ್ಮೀ ನಗರದ ನಾಲ್ಕನೇ ಮಹಡಿಯ ತಾರಸಿಯಲ್ಲಿತ್ತು. ಉದಯ್ ಎಂಬ ಮೈಸೂರಿನ ಹುಡುಗ, ವಾಯುಸೇನೆಯವನು, ಆನ್‌ಲೈನಿನಲ್ಲಿ ತರಿಸಿದ್ದ ಗಾಳಿ ತುಂಬುವ ರಬ್ಬರ್ ದೋಣಿ. ಅವನಿಗೆ ಜೋಧಪುರಕ್ಕೆ ಪೋಸ್ಟಿಂಗ್ ಆಗಿತ್ತು.

“ಮರಳುಗಾಡಿಗೆ ಇದನ್ನ ತಗೊಂಡ್ಹೋಗಿ ಏನ್ಮಾಡ್ಲಿ ಮೇಡಂ? ಕೂತ್ಕೊಂಡು ನೋಡಿ. ನಾಲ್ಕು ಜನಕ್ಕೆ ಆರಾಮಾಗಿ ಸಾಕು,” ಎಂದು ಕಾಲಿನ ಪಂಪು ಒತ್ತಿ ಒತ್ತಿ ದೋಣಿ ಉಬ್ಬಿಸಿದ.

ಸಂಜೆ ಆರೂವರೆ. ತಾರಸಿಗೆ ಆಗತಾನೆ ನೀರು ಹೊಡೆದಿದ್ದರು. ಬಿಸಿ ಸಿಮೆಂಟಿನಿಂದ ಹಬೆ ಏಳುತ್ತಿತ್ತು. ನಾಲ್ವರೂ ಚಪ್ಪಲಿ ಬಿಚ್ಚಿಟ್ಟು ದೋಣಿಯೊಳಗೆ ಕೂತರು. ಮುಂದೆ ರಾಗಿಣಿ, ನಡುವೆ ಅತ್ತೆ, ಹಿಂದೆ ಗಂಡಹೆಂಡತಿ. ಪಡುವಣ ಗಾಳಿ ಬೀಸಿತು. ಸುತ್ತಲ ಕಟ್ಟಡಗಳ ಟ್ಯಾಂಕುಗಳು, ಡಿಶ್‌ಗಳು, ಒಣಹಾಕಿದ ಸೀರೆಗಳು ಎಲ್ಲ ಕೇಸರಿ ಬಣ್ಣದಲ್ಲಿ ಅದ್ದಿದ ಹಾಗೆ ಕಾಣುತ್ತಿದ್ದವು. ಕೊಕ್ಕರೆಗಳ ಸಾಲೊಂದು ಅಂಬಾಝರಿ ಕೆರೆಯ ಕಡೆಗೆ ಹೋಯಿತು. ಯಾರಿಗೂ ಏಳಬೇಕು ಅನ್ನಿಸಲಿಲ್ಲ. ಉದಯ್ ಕೂಡ ಗೋಡೆಗೆ ಒರಗಿ ಸುಮ್ಮನೆ ನಿಂತ.

ಆಗ ಸತ್ಯಭಾಮಾ ಹೇಳಿದರು, “ಹಳೇ ಬಾಗಲಕೋಟಿಗೆ ಡ್ಯಾಮಿನ ನೀರು ಬಂದಾಗ ನಾವು ಟ್ರ್ಯಾಕ್ಟರ್‌ನ್ಯಾಗ ಸಾಮಾನು ಹೇರಕೊಂಡು ಹೋದ್ವಿ. ಆಮ್ಯಾಲೆ ದಂಡಿಗೆ ನಿಂತು ನೋಡೋದಷ್ಟ ಆತು. ಒಂದು ದೋಣಿ ಇದ್ದಿದ್ರ ನಮ್ಮ ಓಣಿ ಮ್ಯಾಲೆ ಒಮ್ಮೆ ಹೋಗಿ ಬರ್ತಿದ್ದೆ.”

ಶ್ರೀಕಾಂತ ಬೆಚ್ಚಿ ತಾಯಿಯ ಬೆನ್ನನ್ನೇ ನೋಡಿದ. ಹಿನ್ನೀರು ತಮ್ಮ ಓಣಿಗೆ ಬಂದಾಗ ಅವನಿಗೆ ಇಪ್ಪತ್ತೆರಡು ವರ್ಷ. ದಿನಕ್ಕೊಂದು ಮೆಟ್ಟಿಲು ನೀರು ಏರುವುದನ್ನು ಅವನು ಎಣಿಸಿದ್ದ. ಅಂದಿನಿಂದ ಅವನು ಯಾವ ಕೆರೆಯ ಅಂಚಿಗೂ ಹೋದವನಲ್ಲ.

“ಆಗ ನೀ ಒಂದು ಮಾತೂ ಆಡ್ಲಿಲ್ಲಲ್ಲ ಅಮ್ಮಾ?”

“ಯಾರೂ ಕೇಳ್ಲಿಲ್ಲಪ್ಪಾ.”

ಅಷ್ಟರಲ್ಲಿ ಅವನಿಗೆ ಕೆಳಗಿನ ಸಿಮೆಂಟು ಚುರುಕ್ ಎಂದು ತಾಗಿತು. ದೋಣಿಯ ಗಾಳಿ ಮೆಲ್ಲಗೆ ಇಳಿಯುತ್ತಿತ್ತು. ನಾಲ್ವರೂ ಒಂದು ಗೇಣು ಕೆಳಗೆ ಹೋಗಿದ್ದರು. ಜಲಜಾ ಸೋಪಿನ ನೀರು ತರಿಸಿ ಬೆಸುಗೆಯ ಉದ್ದಕ್ಕೂ ಸವರಿದಳು. ಒಂದು ಕಡೆ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಉದಯ್ ಕಿವಿ ಹಿಡಿದುಕೊಂಡು ನಕ್ಕ. “ನನಗೇ ಗೊತ್ತಿರ್ಲಿಲ್ಲ, ಸಾರಿ.” ತೇಪೆ ಹಾಕಬಹುದಿತ್ತು. ಆದರೆ ಗಾಳದ ಕೊಕ್ಕೆಗೂ ರಬ್ಬರಿಗೂ ಆಗಿಬರುವುದಿಲ್ಲ ಎಂದು ಜಲಜಾ ಬೇಡವೆಂದಳು. ಇಳಿಯುವಾಗ ಅತ್ತೆ ಮೆಟ್ಟಿಲ ಬಳಿ ನಿಂತು ಇನ್ನೊಮ್ಮೆ ದೋಣಿಯ ಕಡೆ ನೋಡಿದರು.

ಮೂರನೆಯದನ್ನು ಹೇಳಿದ್ದು ಕುಮುದಾಳಿಗೆ ಮೀನು ಕೊಡುವ ಹೆಂಗಸು. ಹಿಂಗಣಾ ದಾಟಿ ಇಪ್ಪತ್ತು ಕಿಲೋಮೀಟರ್ ಹೋದರೆ ಸಿಗುವ ಒಂದು ಜಲಾಶಯದ ದಂಡೆಯಲ್ಲಿ ಗೋಮಾಜಿ ಎಂಬ ಮುದುಕ ತನ್ನ ದೋಣಿ ಮಾರಬೇಕೆಂದಿದ್ದಾನೆ, ಅವನ ಭುಜ ಹಿಡಿದುಕೊಂಡಿದೆ, ಹುಟ್ಟು ಹಾಕಲು ಆಗುತ್ತಿಲ್ಲ ಎಂದು. ಜೂನಿನ ಮೊದಲ ಭಾನುವಾರ ಬೆಳಗ್ಗೆ ಐದಕ್ಕೇ ಹೊರಟರು.

ನೀರು ತುಂಬ ಕೆಳಗೆ ಹೋಗಿತ್ತು. ಬಿರುಕು ಬಿಟ್ಟ ಮಣ್ಣಿನ ಮೇಲೆ ನಡೆದು ಅಂಚಿಗೆ ಬಂದರೆ, ಅಲ್ಲಿ ಒಂದು ಹುಣಸೆಮರ, ಒಂದು ಗುಡಿಸಲು, ಬೀಡಿ ಸೇದುತ್ತ ಕೂತ ಗೋಮಾಜಿ. ದೋಣಿ ಮಾತ್ರ ಎಲ್ಲೂ ಕಾಣಲಿಲ್ಲ. ಎಲ್ಲಿ ಎಂದು ಶ್ರೀಕಾಂತ ಮರಾಠಿಯಲ್ಲಿ ಕೇಳಿದ. ಮುದುಕ ನೀರಿನ ಕಡೆ ಗದ್ದ ಎತ್ತಿ ತೋರಿಸಿದ.

“ಡೋಂಗಾ ಝೋಪ್ಲಾ ಹಾಯ್.”

“ಅಜ್ಜಿ, ದೋಣಿ ಮಲಕೊಂಡದಂತ!” ಎಂದಳು ರಾಗಿಣಿ.

ನಾಲ್ವರೂ ಬಗ್ಗಿ ನೋಡಿದರು. ಸೊಂಟದಷ್ಟು ತಿಳಿನೀರಿನ ಅಡಿಯಲ್ಲಿ, ಕಲ್ಲುಗಳನ್ನು ಎದೆಯ ಮೇಲೆ ಇಟ್ಟುಕೊಂಡು, ದೋಣಿ ಮಲಗಿತ್ತು. ಅಗಲವಾದ, ಚಪ್ಪಟೆ ತಳದ, ಕಪ್ಪು ಮರದ ದೋಣಿ. ಕೂರುವ ಹಲಗೆಯ ಕೆಳಗಿಂದ ಬೆರಳುದ್ದದ ಮೀನುಗಳ ಹಿಂಡೊಂದು ಒಳಗೆ ಹೋಗಿ ಹೊರಗೆ ಬಂತು. ಬೆಳಗಿನ ಬಿಸಿಲು ನೀರೊಳಗೆ ಹೆಣೆದ ಬಲೆಯ ಹಾಗೆ ಹಲಗೆಗಳ ಮೇಲೆ ತೂಗುತ್ತಿತ್ತು.

“ಮುಳುಗಿದ ದೋಣಿ ತೋರಿಸ್ಲಿಕ್ಕೆ ಇಷ್ಟು ದೂರ ಕರಸ್ಯಾನಲ್ಲ ಇಂವಾ!” ಎಂದ ಶ್ರೀಕಾಂತ.

ಜಲಜಾ ಆಗಲೇ ಮೊಣಕಾಲುಮಟ್ಟ ನೀರಿಗೆ ಇಳಿದಿದ್ದಳು. “ಮುಳುಗಿದ್ದಲ್ಲ ರೀ, ಮಲಗಿಸಿದ್ದು. ಈ ಬಿಸಿಲಿಗೆ ಹಲಗೆ ಒಣಗಿ ಸಂದು ಬಿಡ್ತದೆ. ಎಂಟು ದಿನ ನೀರಲ್ಲಿಟ್ಟರೆ ಮರ ಉಬ್ಬಿ ತಾನೇ ಕೂಡಿಕೊಳ್ತದೆ. ನನ್ನ ಅಪ್ಪನೂ ಹೀಗೇ ಮಾಡ್ತಿದ್ದ.” ಅವಳು ಇನ್ನೊಂದು ಹೆಜ್ಜೆ ಮುಂದೆ ಇಟ್ಟಳು. “ಈ ಮನುಷ್ಯನಿಗೆ ಕೆಲಸ ಗೊತ್ತುಂಟು.”

ಅವಳೂ ಗೋಮಾಜಿಯೂ ಒಂದೊಂದೇ ಕಲ್ಲು ತೆಗೆದರು. ಕೊನೆಯ ಕಲ್ಲು ಎತ್ತಿದಾಗ ದೋಣಿ ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಮೆಲ್ಲಗೆ ಮೇಲೆ ಬಂತು. ಡಬ್ಬಿಯಿಂದ ನೀರು ಎತ್ತಿ ಎತ್ತಿ ಚೆಲ್ಲಿದರು. ಆಮೇಲೆ ಜಲಜಾ ಅರ್ಧ ಗಂಟೆ ಏನೂ ಮಾಡದೆ, ನೀರು ಒಸರುತ್ತದೆಯೇ ಎಂದು ಒಳಗೆ ನೋಡುತ್ತ ಕೂತಳು. ತಳದಲ್ಲಿ ಒಂದೇ ಒಂದು ಕಡೆ ಮಣಿಗಳ ಹಾಗೆ ಹನಿ ಮೂಡಿದವು, ಬೇರೆಲ್ಲೂ ನೀರು ಬರಲಿಲ್ಲ. ಚಾಕುವಿನ ಮೊನೆಯಿಂದ ಹಲಗೆಗಳನ್ನು ಚುಚ್ಚಿ ನೋಡಿದಳು. ಹಲಗೆಗಳನ್ನು ಹಿಡಿದಿಡುವ ಎಡಗಡೆಯ ಒಂದು ಪಕ್ಕೆಮರ ಕೊಳೆತಿದೆ, ಬದಲಿಸಬೇಕು ಎಂದು ಅವಳು ಕಂಡುಹಿಡಿಯುವ ಮೊದಲೇ ಗೋಮಾಜಿ ತೋರಿಸಿದ. ಅವನು ಹೇಳಿದ ಬೆಲೆ ಹಳೆಯ ಸ್ಕೂಟಿಗಿಂತ ಕಡಿಮೆಯಿತ್ತು.

“ಒಂದು ಸುತ್ತು ಹೋಗಿ ನೋಡೋಣ. ಬನ್ನಿ,” ಎಂದಳು ಜಲಜಾ.

“ನೀವು ಹೋಗಿಬರ್ರಿ. ನಾ ಚಪ್ಪಲಿ ಕಾಯ್ತೀನಿ,” ಎಂದ ಶ್ರೀಕಾಂತ. ಯಾರೂ ಒತ್ತಾಯ ಮಾಡಲಿಲ್ಲ.

ಅತ್ತೆ, ರಾಗಿಣಿ, ಗೋಮಾಜಿ ಹತ್ತಿ ಕೂತರು. ಜಲಜಾ ಹುಟ್ಟು ಹಿಡಿದಳು. ಇಪ್ಪತ್ತು ವರ್ಷವಾಗಿದ್ದರೂ ತೋಳುಗಳಿಗೆ ಎಲ್ಲ ನೆನಪಿತ್ತು. ದೋಣಿ ಒಂದು ಚೂರೂ ಅಲುಗದೆ ಸರಿಯಿತು. ಹುಣಸೆಮರ ಚಿಕ್ಕದಾಯಿತು, ಅದರ ಕೆಳಗೆ ಕೊಡೆ ಹಿಡಿದು ನಿಂತ ಶ್ರೀಕಾಂತ ಇನ್ನೂ ಚಿಕ್ಕವನಾದ. ನಡುನೀರಿನಲ್ಲಿ ಗಾಳಿಯೂ ಇರಲಿಲ್ಲ. ಆಕಾಶ ಮೇಲೊಂದು, ಕೆಳಗೊಂದು.

“ಇದರ ಕೆಳಗ ಊರು ಇತ್ತೇನು, ಕೇಳು,” ಎಂದರು ಸತ್ಯಭಾಮಾ ಮೊಮ್ಮಗಳಿಗೆ.

ರಾಗಿಣಿ ಮರಾಠಿಯಲ್ಲಿ ಕೇಳಿದಳು. ಊರಿರಲಿಲ್ಲ, ಹೊಲಗಳಿದ್ದವು ಎಂದ ಗೋಮಾಜಿ. ಈಗ ದೋಣಿ ಇರುವುದು ತನ್ನಪ್ಪನ ಎರಡೆಕರೆ ಜೋಳದ ಹೊಲದ ಮೇಲೆ. ಆ ಬದಿಗೆ ಬಾವಿ, ಈ ಬದಿಗೆ ಬದು.

ಸತ್ಯಭಾಮಾ ಬಗ್ಗಿ ಕೈಯನ್ನು ಮೊಣಕೈವರೆಗೆ ನೀರಿಗೆ ಬಿಟ್ಟರು. ತೆನೆಗಳನ್ನು ಸವರುತ್ತ ಹೋಗುವವರ ಹಾಗೆ ಬೆರಳು ಬಿಡಿಸಿ ಹಿಡಿದರು. ಬಹಳ ಹೊತ್ತು ಹಾಗೇ ಹೋದರು. ಕೈ ಮೇಲೆತ್ತಿ ಸೆರಗಿನಿಂದ ಒರೆಸಿಕೊಳ್ಳುತ್ತ, ಸೊಸೆಯ ಕಡೆ ತಿರುಗದೆಯೇ ಹೇಳಿದರು.

“ಜಲಜಾ, ನೀ ಹಿಡದದ್ದು ಇಲ್ಲೇ ಬೇಯಿಸಿ ಇಲ್ಲೇ ಉಣ್ಣು. ಮನೀಗೆ ತರಬ್ಯಾಡ, ಅದೊಂದು ನನಗ ಆಗಂಗಿಲ್ಲ. ಆದ್ರ ಉಣ್ಣೋದು ಬಿಡಬ್ಯಾಡ. ಕುಮುದಾನ ಮನ್ಯಾಗ ಉಂಡು, ಲಿಂಬಿಹಣ್ಣಿಲೆ ಕೈ ತೊಳಕೊಂಡು ಬರ್ತಿ. ಎಂಟು ವರ್ಷದಿಂದ ನನಗ ಗೊತ್ತಿಲ್ಲನು?”

ಜಲಜಾ ಹುಟ್ಟು ಹಾಕುವುದನ್ನು ನಿಲ್ಲಿಸಿದಳು. “ಅತ್ತೆ,” ಎಂದಳು. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕನ್ನಡ ತಿಳಿಯದ ಗೋಮಾಜಿ ದೂರ ನೋಡುತ್ತ ಕೂತಿದ್ದ.

ದೋಣಿ ಅವರದಾಯಿತು. ಅದು ಗೋಮಾಜಿಯ ಗುಡಿಸಲ ಮುಂದೆಯೇ ಇರಬೇಕು, ಅವನು ನೋಡಿಕೊಳ್ಳಬೇಕು, ವಾರದ ದಿನಗಳಲ್ಲಿ ಅವನ ಅಳಿಯ ಬಳಸಬಹುದು ಎಂದು ಮಾತಾಯಿತು. ಮೀನುಗಾರರ ಸೊಸೈಟಿಯಿಂದ ಗಾಳ ಹಾಕಲು ಜಲಜಾ ಪಾಸು ಮಾಡಿಸಿದಳು. ಶ್ರೀಕಾಂತ ಯಾರಿಗೂ ಹೇಳದೆ ನಾಲ್ಕು ಲೈಫ್ ಜಾಕೆಟ್ಟು ಕೊಂಡು ತಂದು, ಒಂದನ್ನು ತೊಟ್ಟು ಕನ್ನಡಿಯ ಮುಂದೆ ನಿಂತದ್ದನ್ನು ರಾಗಿಣಿ ನೋಡಿ ಎಲ್ಲರಿಗೂ ಹೇಳಿದಳು.

ಮೂರನೆಯ ಭಾನುವಾರ ಜಲಜಾಳ ಗಾಳಕ್ಕೆ ಎರಡು ರೋಹು ಮೀನು ಸಿಕ್ಕವು. ಗೋಮಾಜಿಯ ಹೆಂಡತಿ ಮೂರು ಕಲ್ಲಿನ ಒಲೆ ಹೂಡಿದಳು. ಸತ್ಯಭಾಮಾ ಹುಣಸೆಮರದ ಆಚೆ ಬದಿಗೆ ಹೋಗಿ, ಇತ್ತ ಬೆನ್ನು ಮಾಡಿ, ಹಚ್ಚಿದ ಅವಲಕ್ಕಿಯ ಡಬ್ಬಿ ಬಿಚ್ಚಿದರು. ಎಣ್ಣೆ ಚುರ್ ಎಂದಾಗ ಸೆರಗು ಮೂಗಿಗೆ ಹಿಡಿದರು. ಆದರೆ ಎದ್ದು ದೂರ ಹೋಗಲಿಲ್ಲ. “ಮುಳ್ಳು ನೋಡಿಕೊಂಡು ತಿನ್ನು,” ಎಂದು ಅಲ್ಲಿಂದಲೇ ಮೊಮ್ಮಗಳಿಗೆ ಕೂಗಿ ಹೇಳಿದರು.

ಊಟವಾದ ಮೇಲೆ ಮೋಡ ಕವಿಯಿತು. ಮಳೆ ಬರುವ ಮೊದಲಿನ ಆ ಮಸುಕು ಬೆಳಕಿನಲ್ಲಿ ಶ್ರೀಕಾಂತ ಕಿತ್ತಳೆ ಬಣ್ಣದ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಎರಡೆರಡು ಸಲ ಬಿಗಿದುಕೊಂಡು ಬಂದು ದೋಣಿಯ ಪಕ್ಕ ನಿಂತ.

“ದಂಡಿ ಬಿಟ್ಟು ದೂರ ಹೋಗಬ್ಯಾಡ,” ಎಂದ.

“ಇಲ್ಲ. ಹತ್ತಿ.”

ಹತ್ತಿದ. ಕೂತ. ಎರಡು ಕೈಯಲ್ಲೂ ಅಂಚು ಹಿಡಿದ. ಜಲಜಾ ದೋಣಿ ನೂಕಿ ತಾನೂ ಹತ್ತಿದಳು. ನೀರು ಅವನ ಪಕ್ಕದಲ್ಲೇ, ಒಂದು ಗೇಣು ಕೆಳಗೆ, ತನ್ನ ಪಾಡಿಗೆ ತಾನು ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅವನು ಒಂದು ಕೈ ಬಿಟ್ಟು, “ಕೊಡಿಲ್ಲಿ,” ಎಂದು ಹುಟ್ಟು ಇಸಿದುಕೊಂಡ. ಒಂದೇ ಬದಿಗೆ ಹಾಕಿದ. ದೋಣಿ ಮುಂದೆ ಹೋಗದೆ ನಿಂತಲ್ಲೇ ತಿರುಗತೊಡಗಿತು. ಗುಡ್ಡ, ಗುಡಿಸಲು, ಹುಣಸೆಮರ, ಅದರ ಕೆಳಗೆ ಅವಲಕ್ಕಿಯ ಡಬ್ಬಿ ಹಿಡಿದು ಕೂತ ತಾಯಿ, ಮತ್ತೆ ಗುಡ್ಡ.

“ಆ ಬದಿಗೂ ಹಾಕಿ ರೀ!” ಜಲಜಾ ನಗುತ್ತ ಕೂಗಿದಳು.

“ಇರು, ಇರು,” ಎಂದ ಶ್ರೀಕಾಂತ, ಮತ್ತೆ ಅದೇ ಬದಿಗೆ ಹಾಕುತ್ತ. “ಇನ್ನೊಂದು ಸುತ್ತು.”