ಚಿಂತಾಕಿಯ ಗುಂಡಿಯ ಚಿಪ್ಪು

ಯಾರಿಗೂ ಹೇಳಿಲ್ಲ, ಇಲ್ಲೇ ಬರೆಯುತ್ತೇನೆ: ಮಂದಿ ಎದುರು ಬಾಯಿ ತೆರೆದರೆ ನನ್ನ ದನಿ ಒಡೆಯುತ್ತದೆ. ಹೈದರಾಬಾದಿನಲ್ಲಿ ಭೂವಿಜ್ಞಾನ ಓದಿ ಬಂದವಳು, ಪಟೇಲನಾದ ಮಡೆಪ್ಪ ಕಾಕಾನ ಮುಂದೆ ಚಹಾ ಬೇಡ ಅನ್ನಲೂ ಆಗುವುದಿಲ್ಲ. ಬೇಡದ ಚಹಾ ಎಷ್ಟು ಕುಡಿದಿದ್ದೇನೋ.

ಇವತ್ತು ಬೀದರದಿಂದ ಗೌಸೋದ್ದೀನನ ತಾಯಿ ಮಹಬೂಬಬಿ ಔರಾದಿಗೆ, ನಮ್ಮ ಮನೆಗೆ ಬಂದಳು. ಕಾಕಾನ ಚಿಂತಾಕಿ ಹೊಲದಲ್ಲಿ ಕಪ್ಪು ಜೇಡಿ ಕಂಡಿತೆಂದು ಕಲ್ಲಿದ್ದಲಿಗಾಗಿ ಗುಂಡಿ ತೋಡಿದವನು ಗೌಸೋದ್ದೀನ. ಹೋದ ವರ್ಷ ಗುಂಡಿಯ ತಳದ ಚಿಪ್ಪುಗಳನ್ನು ರುಮಾಲಿನಲ್ಲಿ ಕಟ್ಟಿ ನನಗೆ ತೋರಿಸಲು ತಂದಿದ್ದ. ಸಿಹಿನೀರಿನ ಜೋಡಿಚಿಪ್ಪು, ಕಲ್ಲಾದದ್ದು. ಇದ್ದಲಿನ ಪದರಿನಲ್ಲಿ ಸಿಗುವ ಜಾತಿ ಬೇರೆ, ಇದಕ್ಕಿಂತ ಎಷ್ಟೋ ಹಳೆಯದು. ಇದು ಬಹಳ ಆಮೇಲೆ, ಎರಡು ಲಾವಾ ಹರಿವುಗಳ ನಡುವೆ ನಿಂತ ಕೆರೆಯದು. ನೆಲ ನೋಡುತ್ತ, "ಅಲ್ಲಿ ಇದ್ದಲು ಇಲ್ಲರಿ, ಅದು ಹಳೇ ಕೆರಿ," ಎಂದಷ್ಟೇ ಹೇಳಿದ್ದೆ.

"ಹಂಗಾದ್ರ ತಪ್ಪು ಕೆರ್ಯಾಗ ಇಳದೀನಿ ಬಿಡ್ರಿ!" ಎಂದು ನಕ್ಕು, ಸಾಮಾನು ತರಲು ಚಿಂತಾಕಿಗೆ ಹೋದ. ಅದೇ ವಾರ ಹೈದರಾಬಾದ್ ಸಂಸ್ಥಾನದೊಳಗೆ ಹಿಂದುಸ್ತಾನದ ಫೌಜು ಬಂತು. ಅದರ ಹಿಂದೆಯೇ ಊರೂರಲ್ಲಿ ಮುಸಲ್ಮಾನರ ಮೇಲೆ ಕೊಡಲಿ ಎದ್ದವು. ಅವನು ತಿರುಗಿ ಬರಲಿಲ್ಲ.

ಮಹಬೂಬಬಿ ಗುಂಡಿ ನೋಡಬೇಕೆಂದಳು. ಬಂಡಿ ಕಟ್ಟಿಕೊಂಡು ಕಾಕಾ, ಅವಳು, ನಾನು ಮೂವರೂ ಹೋದೆವು. ಗುಂಡಿ ಇದ್ದಲ್ಲಿ ಸಪಾಟು ನೆಲ.

"ಆಗಿನ ಮಳಿಗಿ ತಾನೇ ತುಂಬ್ಯದ," ಎಂದ ಕಾಕಾ. "ನಿನ್ನ ಮಗ ಕರಾಚಿ ಸೇರ್ಯಾನ, ಬೂಬು. ಒಂದಿನ ಸೂಟು ಹಾಕ್ಕೊಂಡು ಬರ್ತಾನ, ನೀನೇ ಗುರ್ತು ಹಿಡ್ಯಾಂಗಿಲ್ಲ."

"ಬರ್ತಾನಂದ್ರ ಕಾಯ್ತೇನಿ, ಪಟೇಲರೆ. ಇಲ್ಲಂದ್ರ ಫಾತೆಹಾ ಓದಿಸ್ಬೇಕು. ಬದುಕಿದ ಮಗನ ಹೆಸರಿಲೆ ಹ್ಯಾಂಗ ಓದಿಸ್ಲಿ? ಸತ್ತವನ್ನ ಹ್ಯಾಂಗ ಹಂಗೇ ಬಿಡ್ಲಿ?"

ನಾನು ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದರಿದೆ. ಮಳೆನೀರು ತಂದ ಮಣ್ಣು ಸೋಸಿ ಸೋಸಿ ತೆಳ್ಳಗೆ ಪದರಪದರವಾಗಿ ಕೂರುತ್ತದೆ; ಅದರಲ್ಲಿ ಚಿಪ್ಪು ಮಟ್ಟಸವಾಗಿ ಮಲಗಿರುತ್ತದೆ. ಇಲ್ಲಿ ಪದರೇ ಇರಲಿಲ್ಲ. ತಳದ ಜೇಡಿ ಹೆಂಟೆಹೆಂಟೆಯಾಗಿ ಮೇಲೆ ಬಿದ್ದಿತ್ತು. ಚಿಪ್ಪುಗಳು ಅಡ್ಡ, ನೆಟ್ಟಗೆ, ತಲೆಕೆಳಗೆ. ಒಂದು ಹೆಂಟೆಯ ಮೈಮೇಲೆ ಸಲಿಕೆ ಎಳೆದ ನುಣುಪು ಇನ್ನೂ ಇತ್ತು.

"ಏನವಾ ಶಿವಕಾಂತಾ, ಓದಿದಾಕಿ, ಚಿಪ್ಪು ಆರಿಸ್ಕೊಂತ ಕೂಡ್ತಿಯೇನು? ಏಳು, ಬಿಸಲಾತು." ಕಾಕಾ ನಗುತ್ತಲೇ ಇದ್ದ. ಆ ಹೆಂಟೆಯ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತಿದ. ಅದು ಪುಡಿಯಾಯಿತು.

ಎದ್ದೆ. ಮಹಬೂಬಬಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಮ್ಮಿ," ಎಂದೆ. ದನಿ ಒಡೆಯಿತು. ಒಡೆದ ದನಿಯಲ್ಲೇ ಹೇಳಿದೆ:

"ಇದು ಮಳಿಗಿ ತುಂಬಿಲ್ಲ. ಸಲಿಕಿಲೆ ಮುಚ್ಯಾರ. ಫಾತೆಹಾ ಇಲ್ಲೇ ಓದಿಸ್ರಿ."